ಅಣ್ಣ ಎಣಿಸಿದ ಹದಿನಾಲ್ಕು

ನನ್ನ ಕೆಲಸ ಏನೆಂದು ಕೇಳಿದವರಿಗೆ ಬಿಡಿಸಿ ಹೇಳುವುದು ಸ್ವಲ್ಪ ಕಷ್ಟ. ಉಕ್ಕಿನ ಕೊಳವೆಗೆ ಉಕ್ಕಿನ ಬಳೆ ತೊಡಿಸಿ, ನಡುವೆ ಬೆಳ್ಳಿ ಬೆಸುಗೆಯ ತಂತಿಯಿಟ್ಟು, ಸುತ್ತಲಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಬೆಂಕಿಯಿಲ್ಲದೆಯೇ ಉಕ್ಕು ಕೆಂಪಗೆ ಕಾಯುತ್ತದೆ, ಬೆಸುಗೆ ಕರಗಿ ಒಳಗಿಳಿಯುತ್ತದೆ. ಎಷ್ಟು ಸೆಕೆಂಡು ಕಾಯಿಸಬೇಕೆಂದು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವವಳು ನಾನು.

ಮಲೇಶಿಯಾದ ಪೆಟಾಲಿಂಗ್ ಜಯಾದ ನಮ್ಮ ಕಾರ್ಖಾನೆಯಲ್ಲಿ ಆ ಯಂತ್ರ ನಡೆಸುತ್ತಿದ್ದವರು ಒಬ್ಬ ತಮಿಳು ಹಿರಿಯರು. ಎಲ್ಲರಿಗೂ ಅಣ್ಣ. ಅವರಿಗೆ ಗಡಿಯಾರ ಬೇಡ. ಉಕ್ಕಿನ ಬಣ್ಣ ನೋಡುತ್ತ ತಮಿಳಿನಲ್ಲಿ ಗಟ್ಟಿಯಾಗಿ ಎಣಿಸಿ, ಸಾಕೆನಿಸಿದಾಗ ಸ್ವಿಚ್ಚು ಆರಿಸುವರು. ನನ್ನ ಲ್ಯಾಪ್‌ಟಾಪ್ ಕಂಡರೆ ನಗು. "ನಿಮ್ಮ ಜಾತಕದ ಪೆಟ್ಟಿಗೆ ಏನಂತದೆ ಮ್ಯಾಡಂ?" ಎಂದು ತಮಿಳು, ಇಂಗ್ಲಿಷು ಬೆರೆಸಿ, ನಡುನಡುವೆ ಅಲ್ಲಿನವರ ರೂಢಿಯ 'ಲಾ' ಸೇರಿಸಿ ಕಾಡುವರು.

ಕೋವಿಡ್ ಬಂತು, ಕಾರ್ಖಾನೆ ಮುಚ್ಚಿತು. ಮನೆಯ ಊಟದ ಮೇಜಿನಲ್ಲೇ ಕೂತು ಹೊಸ ಕೊಳವೆಯೊಂದರ ಲೆಕ್ಕ ಮುಗಿಸಿದೆ. ಎಂಟು ಸೆಕೆಂಡು ಬಂತು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ.

"ಸಾಲದು ಲಾ ಮ್ಯಾಡಂ. ಮುಚ್ಚುವ ಮೊದಲು ನಾಲ್ಕು ಪೀಸ್ ಬೆಸೆದು ನೋಡಿದ್ದೆ. ಹದಿನಾಲ್ಕು ಬೇಕು. ಕೆಂಪಾದ ಮೇಲೆ ಉಕ್ಕು ಸೋಮಾರಿ ಆಗ್ತದೆ."

ನನಗೆ ರೇಗಿಹೋಯಿತು. "ಬಾಯಿಲೆಕ್ಕದಲ್ಲಿ ಕಾರ್ಖಾನೆ ನಡೆಯಲ್ಲ ಅಣ್ಣ" ಎಂದುಬಿಟ್ಟೆ. ಅವರು ಫೋನಿಟ್ಟರು.

ಅರ್ಧ ಜನರನ್ನಿಟ್ಟುಕೊಂಡು ಕಾರ್ಖಾನೆ ತೆರೆದಾಗ, ಎಂಟು ಸೆಕೆಂಡಿನಲ್ಲಿ ಬೆಸೆದ ಕೊಳವೆಗಳೆಲ್ಲ ಸೋರಿದವು. ಅಣ್ಣ ಜ್ವರವೆಂದು ಆ ವಾರ ಬಂದಿರಲಿಲ್ಲ, ಸೋರಿದ ಸುದ್ದಿ ಮಾತ್ರ ಅವರಿಗೂ ಮುಟ್ಟಿತ್ತು. ತಪ್ಪು ಹುಡುಕಿದರೆ ಕಣ್ಣೆದುರಿಗೇ ಇತ್ತು. ಉಕ್ಕು ಬಹಳ ಕಾದ ಮೇಲೆ ಅಯಸ್ಕಾಂತದ ಗುಣ ಕಳೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಕಾಯುವುದು ನಿಧಾನ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಣ್ಣ ಹೇಳಿದ ಸೋಮಾರಿತನ ಅದೇ.

"ಫೋನ್ ಮಾಡಿ ತಪ್ಪಾಯ್ತು ಅಂತ ಹೇಳಿಬಿಡು ಮಾರಾಯ್ತಿ" ಎಂದರು ಮಂಗಳೂರಿನವರಾದ ನನ್ನ ಗಂಡ.

"ಗ್ರಾಫ್ ಬರಲಿ."

"ತಪ್ಪಾಯ್ತು ಹೇಳ್ಲಿಕ್ಕೆ ಗ್ರಾಫ್ ಎಂತಕ್ಕೆ?"

ಕೈಯಲ್ಲಿ ಗ್ರಾಫ್ ಇಲ್ಲದೆ ಬಾಯಿ ಬಿಡಬಾರದು ಎಂಬುದು ನಮ್ಮ ಕಸುಬಿನವರ ಹಾಳು ಚಾಳಿ. ಕಂಪ್ಯೂಟರಿನಲ್ಲಿ ಕೊಳವೆಯನ್ನು ಇನ್ನೂ ಸಣ್ಣ ಸಣ್ಣ ಚೌಕಗಳಾಗಿ ಒಡೆದು ಹೊಸ ಲೆಕ್ಕಕ್ಕೆ ಹಚ್ಚಿದೆ. ಮೂರು ದಿನ ಓಡಿತು. ಅಣ್ಣ ಜ್ವರದಲ್ಲಿದ್ದಾರೆಂದು ಗೊತ್ತಿದ್ದೂ ಮೂರು ದಿನ ಕಾದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ನಾಲ್ಕನೆಯ ದಿನ ಬೆಳಿಗ್ಗೆ ಉತ್ತರ ಬಂತು. ಹದಿನಾಲ್ಕು! ಕುಣಿಯುವಷ್ಟು ಖುಷಿಯಲ್ಲಿ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ. ಅಣ್ಣ ಹಿಂದಿನ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಹತ್ತಿರ ಹೋಗಿ ಮುಖ ನೋಡಲಿಕ್ಕೂ ಆಕೆಯನ್ನು ಬಿಟ್ಟಿರಲಿಲ್ಲ.

ಆಕೆಯೇ ಮಾತು ಮುಂದುವರಿಸಿದರು. "ಆಂಬುಲೆನ್ಸ್ ಬರೋವರೆಗೂ ಕೇಳ್ತಿದ್ರು, ಮ್ಯಾಡಂ ಫೋನ್ ಮಾಡಿದ್ರಾ ಅಂತ. ನಿಮ್ಮ ಲೆಕ್ಕ ಸರಿ ಬಂತಾ ಅಮ್ಮಾ?"

"ಬಂತು ಅಕ್ಕ" ಎಂದೆ.

"ಹದಿನಾಲ್ಕಾ?"

ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಒಪ್ಪದೆ ಕೂತವಳು ನಾನೊಬ್ಬಳೇ.