ತಂದೂರಿನ ಆಂಟಿಯ ಜಾಗ

ದೆಹಲಿಯ ಚಳಿಗೆ ದೋಸೆಹಿಟ್ಟು ಹುಳಿ ಬರುವುದಿಲ್ಲ. ಜನಕಪುರಿಯ ಕನ್ನಡದವರ ಮನೆಗಳಿಗೆ ಹಿಟ್ಟು ಮಾರಲು ಹೊರಟ ಜಾಣೆ ನನಗೆ ಇದು ಗೊತ್ತಾದದ್ದು ಸಾಲ ತೆಗೆದು ಗ್ರೈಂಡರ್ ಕೊಂಡ ಮೇಲೆ. ರಜಾಯಿ ಹೊದಿಸಿದೆ, ಬಿಸಿನೀರಿನಲ್ಲಿ ಕೂರಿಸಿದೆ. ಜಪ್ಪಯ್ಯ ಎಂದರೂ ಉಬ್ಬಲಿಲ್ಲ.

ಕಾಪಾಡಿದವರು ನಮ್ಮ ಗಲ್ಲಿಯ ಪಂಜಾಬಿ ಆಂಟಿ. ಸಂಜೆ ಹೆಂಗಸರು ನಾದಿದ ಹಿಟ್ಟು ತಂದುಕೊಟ್ಟರೆ ತಂದೂರಿನಲ್ಲಿ ರೊಟ್ಟಿ ಸುಟ್ಟುಕೊಡುವುದು ಅವರ ಕಸುಬು. ಅದಕ್ಕೆ ತಗಡಿನ ಮಾಡು ಹಾಕಿಸಲು ಅವರೂ ಸಾಲ ತೆಗೆದಿದ್ದರು. ನಮ್ಮ ಐವರು ಹೆಂಗಸರದು ಒಂದೇ ಸಾಲದ ಗುಂಪು. ಒಬ್ಬರ ಸಾಲಕ್ಕೆ ಉಳಿದವರು ಜಾಮೀನು. ವಾರಕ್ಕೊಮ್ಮೆ ಚಾಪೆಯ ಮೇಲೆ ಸಾಲಾಗಿ ಕೂತು ಕಂತು ಕಟ್ಟುತ್ತಿದ್ದೆವು. ಆಂಟಿಯ ಜಾಗ ನನ್ನ ಪಕ್ಕ.

"ರೊಟ್ಟಿ ಮುಗಿದ ಮೇಲೂ ಕೆಂಡದ ಬಿಸಿ ಇರುತ್ತೆ. ನಿನ್ನ ಪಾತ್ರೆ ತಂದು ಪಕ್ಕದಲ್ಲಿಡು, ಬೇಟಾ," ಅಂದರು. ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿತ್ತು.

ಆಮೇಲೆ ಚಳಿಗಾಲವಿಡೀ ಸಂಜೆ ಪಾತ್ರೆ ಇಡುವ ನೆಪ, ಬೆಳಿಗ್ಗೆ ಎತ್ತುವ ನೆಪ. ಚಹಾ ಕುಡಿಯುತ್ತ ಅವರು ಸೊಸೆಯನ್ನು ದೂರುವರು, ನಾನು ಅರೆಬರೆ ಹಿಂದಿಯಲ್ಲಿ ಅತ್ತೆಯನ್ನು. ಊರು ಬಿಟ್ಟ ಮೇಲೆ ಇನ್ಯಾರ ಹತ್ತಿರವೂ ನಾನು ಅಷ್ಟು ಹೊತ್ತು ಕೂತಿದ್ದಿಲ್ಲ. ಈಗಲೂ ಚಳಿ ಬಿದ್ದರೆ ಮನಸ್ಸು ಆ ತಗಡಿನ ಮಾಡಿನಡಿಗೇ ಓಡುತ್ತದೆ.

ಅವರ ಸಾಲ ತೀರಿದ ವರ್ಷ ಮಗ ಗುಡಗಾಂವದಲ್ಲಿ ಫ್ಲ್ಯಾಟ್ ಕೊಂಡು ಅವರನ್ನು ಕರೆದೊಯ್ದ. "ಆಗದಿದ್ರೆ ವಾಪಸ್ ಬರ್ತೀನಿ. ನನ್ನ ಜಾಗ ಯಾರಿಗೂ ಕೊಡಬೇಡ," ಅಂದು ಹೋದರು. ನಾನು ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಪಾತ್ರೆ ಇಟ್ಟೆ. ಹಿಟ್ಟೇನೋ ಉಬ್ಬಿತು. ಬೆಳಿಗ್ಗೆ ಎದ್ದು ಚಹಾಕ್ಕೆ ಹೋಗಲು ಮಾತ್ರ ನನಗೆ ಇನ್ನೊಂದು ಮನೆಯಿರಲಿಲ್ಲ.

ಐವರಿಲ್ಲದ ಗುಂಪಿಗೆ ಹೊಸ ಸಾಲ ಸಿಗುವುದಿಲ್ಲ. ನಮ್ಮಲ್ಲೊಬ್ಬಳಿಗೆ ಹೊಲಿಗೆ ಯಂತ್ರ ಬೇಕಿತ್ತು. "ನಿಮ್ಮ ಆಂಟಿಗೋಸ್ಕರ ನಾವೆಲ್ಲ ಕೈಕಟ್ಟಿ ಕೂರಬೇಕಾ?" ಎಂದು ನನ್ನ ಮೇಲೆ ಹರಿಹಾಯ್ದಳು. ಬಂದೇ ಬರುತ್ತಾರೆ ಎಂದು ಹಟ ಹಿಡಿದೆ. ಚಳಿ ಮುಗಿದು ಸೆಕೆ ಶುರುವಾದರೂ ಅವರು ಬರಲಿಲ್ಲ. ಮೊಮೊ ಮಾರುವ ಹುಡುಗಿಯೊಬ್ಬಳನ್ನು ಸೇರಿಸಿಕೊಂಡೆವು.

ವಿಷಯ ನಾನೇ ಹೇಳಬೇಕೆಂದು ಗುಡಗಾಂವಕ್ಕೆ ಹೋದೆ. ಲಿಫ್ಟಿನಲ್ಲಿ ಹೋಗುವಷ್ಟು ಎತ್ತರದ ಮನೆ. ಆಂಟಿಯ ಕೈಮೇಲಿನ ಸುಟ್ಟ ಕಲೆಗಳು ಮಾಸಿದ್ದವು. ಅದನ್ನು ಕಂಡು ಯಾಕೋ ಅಳು ಬಂತು.

"ನನ್ನ ಜಾಗದಲ್ಲಿ ಯಾರು ಕೂತಿದ್ದಾರೆ?" ಅವರೇ ಕೇಳಿದರು.

ಹೇಳಿದೆ.

"ಅಚ್ಛಾ. ಒಳ್ಳೆಯವಳಾ?"

"ಒಳ್ಳೆಯವಳು, ಆಂಟಿ."

ಚಹಾದ ಲೋಟ ನನ್ನ ಕಡೆ ಸರಿಸಿದರು. "ಏನಾದರೂ ಒಂದು ಕುಂದು ಹೇಳು, ಬೇಟಾ. ಚಹಾ ಮಾಡೋಕೆ ಬರಲ್ಲ ಅಂತಾದರೂ ಹೇಳು."

"ಬರಲ್ಲ," ಅಂದೆ.