ಮಸಗುಪ್ಪಿಗಿ ಹೋದ ಡ್ರಿಲ್ ಮಷೀನ್

ಗೋಕಾಕದಾಗ ನಾನು ವೈರಿಂಗ್ ಕೆಲಸ ಮಾಡತೇನಿ. ಮಸಗುಪ್ಪಿಯ ಗೆಳೆಯ ಯಲ್ಲಪ್ಪ ನನ್ನ ಡ್ರಿಲ್ ಮಷೀನ್ ಒಯ್ದು ನಾಕು ತಿಂಗಳಾಗಿತ್ತು. ಕೇಳಾಕ ಸಂಕೋಚ. ಆದ್ರ ಹೊಸಾ ಕೆಲಸ ಬಂದಿತ್ತು, ಕಡೀಕ ಅವನ ಮನಿಗೇ ಹೋದೆ.

ಅಂವ ಕುರಿ ಮೇಸಾಕ ಹೋಗಿದ್ದ. ಅವನ ಹೆಂಡತಿ ಕಸ್ತೂರಿ ವೈನಿ ನನ್ನ ಡ್ರಿಲ್ ಹಿಡಕೊಂಡು ಬಾಜೂ ಮನಿ ಬಾಗಲಕ್ಕ ಚಿಲಕ ಕೂಡಸಾಕತ್ತಿದ್ರು. ನನ್ನ ನೋಡಿ ಅವರ ಮಾರಿ ಸಣ್ಣದಾತು.

"ಒಯ್ಯಾಕ ಬಂದ್ರೇನ್ರಿ? ಈಗೀಗ ಕೈ ಕುದರಾಕತ್ತಿತ್ತು," ಅಂತ ಡ್ರಿಲ್ ಒರಸಿ ಕೊಟ್ರು.

ಅವರು ಕೊರೆದ ತೂತು ನೋಡಿದೆ. ನಾನು ಕೊರೆಯೂದಕ್ಕಿಂತ ನೆಟ್ಟಗ ಇತ್ತು.

"ವೈನಿ, ನಾಳಿ ಗೋಕಾಕ ಫಾಲ್ಸ್ ಊರಾಗ ಎರಡು ಮನಿ ಕೆಲಸ ಐತಿ. ನೀವೂ ಬರ್ರಿ, ಪಗಾರ ಕೊಡತೇನಿ."

"ಖರೇನ?" ಅಂತ ಡ್ರಿಲ್ ತಿರುಗಿ ಇಸಕೊಂಡ್ರು.

ಈಗ ಇಬ್ಬರೂ ಕೂಡೇ ಕೆಲಸ ಮಾಡತೇವಿ. ಮೊನ್ನಿ ಯಲ್ಲಪ್ಪ ನನ್ನ ಏಣಿ ಒಯ್ದ. ಮರುದಿನಾನ ವೈನಿ ಅದನ್ನ ಅವನ ಹೆಗಲಮ್ಯಾಲೆ ಹೊರಸಿಕೊಂಡು ಬಂದ್ರು.