ಪುಸ್ತಕದಲ್ಲಿಲ್ಲದ ಕತೆ

ಮಾರ್ಗಿಲಾನಿನ ಭಾನುವಾರದ ಸಂತೆಯಲ್ಲಿ ಹಳೆ ಪುಸ್ತಕ ಮಾರುವ ತುರ್ಗುನ್, ಸಲೋಮತ್ ಬರುವುದನ್ನು ದೂರದಿಂದಲೇ ಕಂಡು ಎರಡೂ ಕೈ ಎತ್ತಿಬಿಟ್ಟ. ವಯಸ್ಸಾದ ಹೆಂಗಸರೆಲ್ಲ ಅವನಿಗೆ ಖೋಲಾ, ಅಂದರೆ ಚಿಕ್ಕಮ್ಮ.

"ಖೋಲಾ, ಇಲ್ಲಿರೋದನ್ನೆಲ್ಲ ನೀವು ಓದಿ ಮುಗಿಸಿಬಿಟ್ಟಿದೀರಿ. ಇನ್ನು ನನ್ನ ಹಣೇಬರಹ ಒಂದು ಬಾಕಿ."

"ಅದೇನು ದೊಡ್ಡ ಕತೆಯಲ್ಲ ಬಿಡು ತಮ್ಮಾ, ಎರಡು ಪುಟಕ್ಕೆ ಮುಗಿಯುತ್ತೆ," ಎನ್ನುತ್ತ ಸಲೋಮತ್ ಅವನು ಹಾಸಿದ್ದ ತಾಡಪಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಬಾಯಲ್ಲಿ ನಗೆಮಾತು, ಒಳಗೆ ಅಳುಕು. ಬರುವ ಶುಕ್ರವಾರ ಗೆಳತಿ ಮಸ್ತೂರಾಳ ಮನೆಯಲ್ಲಿ ಗಪ್. ಹೆಂಗಸರ ತಿಂಗಳ ಕೂಟಕ್ಕೆ ಇಲ್ಲಿ ಅದೇ ಹೆಸರು. ಹೆಸರು ಗಪ್ ಆದರೂ ಅಲ್ಲಿ ಯಾರೂ ಗಪ್ಪಾಗಿ ಕೂರುವವರಲ್ಲ. ಎಲೆ ಉದುರುವ ಕಾಲದ ಮೊದಲ ಗಪ್ಪಿನಲ್ಲಿ ಸಲೋಮತ್ ತಾನು ಓದಿದ ಹೊಸ ಪುಸ್ತಕದ ಕತೆ ಹೇಳಬೇಕು. ಗಿರಣಿಯ ಕಾಲದಿಂದ ಬಂದ ರೂಢಿ ಅದು. ಇವರೆಲ್ಲ ರೇಷ್ಮೆ ಗಿರಣಿಯಲ್ಲಿ ಒಂದೇ ಸಾಲಿನಲ್ಲಿ ನಿಂತು, ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿದವರು. ಬೇಸಗೆಯ ಗಡಿಬಿಡಿ ಮುಗಿದು ಗಾಳಿ ತಣ್ಣಗಾಗುವ ಹೊತ್ತಿಗೆ ಗಿರಣಿಯ ಗ್ರಂಥಾಲಯಕ್ಕೆ ಮರದ ಪೆಟ್ಟಿಗೆಯಲ್ಲಿ ಹೊಸ ಪುಸ್ತಕ ಬರುತ್ತಿದ್ದವು. ಪೆಟ್ಟಿಗೆಯ ಮೊಳೆ ಕೀಳುವಾಗಲೇ ಸಲೋಮತ್ ಎದುರಿಗಿರುತ್ತಿದ್ದಳು. ಓದಿದ್ದನ್ನು ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಹೇಳುತ್ತಿದ್ದಳು. ಹೆಂಗಸರ ಕೈ ಎಳೆಯ ಮೇಲೆ, ಕಿವಿ ಅವಳ ಮೇಲೆ.

ಗಿರಣಿ ಮುಚ್ಚಿ ಹದಿನೈದು ವರ್ಷ. ಗಂಡ ಹೋಗಿ ಒಂಬತ್ತು. ಮಕ್ಕಳಾಗಲಿಲ್ಲ. ವರ್ಷಕ್ಕೊಂದು ಸಲ ಅಷ್ಟು ಜನ ಬಾಯಿ ಬಿಟ್ಟುಕೊಂಡು ಅವಳ ಮುಖ ನೋಡುತ್ತಾರಲ್ಲ, ಅದೊಂದು ಉಳಿದಿತ್ತು. ಅದೂ ತಪ್ಪಿದರೆ?

"ಹಳೇ ಅಕ್ಷರದ್ದು ಒಂದೂ ಸಿಗಲಿಲ್ವಾ?"

"ಎಲ್ಲಿಂದ ತರ್ಲಿ ಖೋಲಾ? ಮುದುಕರು ಹೋದ್ಮೇಲೆ ಮೊಮ್ಮಕ್ಕಳು ಒಲೆಗೆ ಹಾಕ್ತಾರೆ. ಹೊಸ ಅಕ್ಷರದ್ದು ರಾಶಿ ಇದೆ. ನಿಮಗೆ ಓದೋಕೆ ಬರುತ್ತೆ ತಾನೆ?"

"ಬರದೆ ಏನು!"

ಬರುತ್ತಿರಲಿಲ್ಲ. ಅವಳು ಶಾಲೆಯಲ್ಲಿ ಕಲಿತದ್ದು ರಷ್ಯನ್ ಅಕ್ಷರದಲ್ಲಿ ಬರೆದ ಉಜ್ಬೆಕ್. ಈಗಿನ ಮಕ್ಕಳು ಅದೇ ಮಾತನ್ನು ಲ್ಯಾಟಿನ್ ಅಕ್ಷರದಲ್ಲಿ ಕಲಿಯುತ್ತಾರೆ. ಅಂಗಡಿಯ ಫಲಕ, ಬಸ್ಸಿನ ಬೋರ್ಡು ಎಲ್ಲ ಅವಳಿಗೆ ಅಂದಾಜಿನ ಮೇಲೆ ನಡೆದಿತ್ತು. ಅಂದಾಜಿನ ಮೇಲೆ ಬಸ್ಸು ಹತ್ತಬಹುದು, ಕಾದಂಬರಿ ಓದಲಾಗದು.

ತುರ್ಗುನ್ ಕೊಟ್ಟ ಪುಸ್ತಕದ ಹೊದಿಕೆಯ ಮೇಲೆ ಎರಡು ಮಣ್ಣುಗೋಡೆಗಳ ನಡುವೆ ಒಂದು ಓಣಿ. ಮೇಲೆ ದೊಡ್ಡದಾಗಿ ಮೂರೇ ಅಕ್ಷರ: ಟಿ, ಓ, ಪಿ. ಮೂರೂ ಅವಳಿಗೆ ಪರಿಚಯದ ಮುಖಗಳೇ. ಅವಳು ಕಲಿತ ಲಿಪಿಯಲ್ಲಿ ಆ ಕೊನೆಯ ಆಕಾರ 'ರ'. ಹಾಗಾಗಿ 'ತೋರ್' ಎಂದು ಓದಿಕೊಂಡಳು. ತೋರ್ ಎಂದರೆ ಇಕ್ಕಟ್ಟು. ಓಣಿಯ ಚಿತ್ರಕ್ಕೂ ಸರಿಹೋಯಿತು. ಸದ್ಯ, ಬರುತ್ತದೆ ಎಂದು ಖುಷಿಯಾಗಿ ಮನೆಗೆ ತಂದಳು.

ಒಳಗಿನ ಸಾಲುಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಗೊತ್ತಿದ್ದ ಅಕ್ಷರ ಬೇರೆ ಸದ್ದು ಮಾಡುತ್ತಿತ್ತು, ಗೊತ್ತಿಲ್ಲದ್ದು ಬಾಯೇ ಬಿಡುತ್ತಿರಲಿಲ್ಲ. ಗುರುವಾರದ ಹೊತ್ತಿಗೆ ಏಳು ಸಾಲು ದಾಟಿದ್ದಳು, ಅದೂ ಅನುಮಾನ. ಆ ಗಡಿಬಿಡಿಯಲ್ಲಿ ಒಲೆಯ ಮೇಲಿನ ಜಾಮ್ ಸೀದುಹೋಯಿತು. ಹೋಗಲಿ, ಹೆಸರು ಗೊತ್ತಿದೆಯಲ್ಲ, ಕತೆ ನಾನೇ ಕಟ್ಟುತ್ತೇನೆ, ಇವರಲ್ಲಿ ಓದುವವರು ಯಾರಿದ್ದಾರೆ ಎಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ಮಸ್ತೂರಾಳ ಮನೆಯಲ್ಲಿ ಕುಂಬಳಕಾಯಿ ಸಂಸಾ ಒಲೆಯಿಂದ ಇಳಿದಿತ್ತು. ಸಲೋಮತ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು.

"ಪುಸ್ತಕದ ಹೆಸರು ತೋರ್. ಒಬ್ಬಳು ವಿಧವೆ. ಇಕ್ಕಟ್ಟಿನ ಓಣೀಲಿ ಮನೆ. ರೊಟ್ಟಿ ಅಂಗಡೀಲಿ ಒಂದೇ ರೊಟ್ಟಿ ಕೇಳೋಕೆ ಅವಳಿಗೆ ನಾಚಿಕೆ. ಎರಡು ತಗೋತಾಳೆ. ಎರಡನೇದು ಒಣಗಿ ಗುಬ್ಬಿಗಳ ಪಾಲು. ಓಣೀಲಿ ಹೆಜ್ಜೆ ಸದ್ದಾದ್ರೆ ರೇಡಿಯೋ ಸಣ್ಣ ಮಾಡ್ತಾಳೆ. ಹೆಜ್ಜೆ ಮುಂದೆ ಹೋಗಿಬಿಡುತ್ತೆ. ಮತ್ತೆ ದೊಡ್ಡ ಮಾಡ್ತಾಳೆ..."

ಮಾತು ಎಲ್ಲಿಂದಲೋ ತಾನಾಗಿ ಬರುತ್ತಿತ್ತು. ಒಬ್ಬಳು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಕೊನೇಗಾದ್ರೂ ಯಾರಾದ್ರೂ ಬಂದ್ರೇನೇ?" ಎಂದು ಇನ್ನೊಬ್ಬಳು ಕೇಳಿದಳು.

ಮಸ್ತೂರಾಳ ಸೊಸೆ ಶಾಹ್‌ಸನಮ್ ಕೂಸನ್ನು ಸೊಂಟಕ್ಕೆ ಏರಿಸಿಕೊಂಡೇ ಚಹಾ ಬಗ್ಗಿಸುತ್ತಿದ್ದಳು. ತಾಷ್ಕೆಂಟಿನಲ್ಲಿ ಓದಿದ ಹುಡುಗಿ. ಪುಸ್ತಕ ಕಂಡು ಆಸೆಯಿಂದ ಕೈಗೆತ್ತಿಕೊಂಡಳು, ಬೆನ್ನ ಮೇಲಿನ ಬರಹ ಓದಿದಳು, ಯೋಚಿಸದೆ ಹೇಳಿಯೂ ಬಿಟ್ಟಳು.

"ಖೋಲಾ, ಇದು ತೋರ್ ಅಲ್ಲ, ತೋಪ್. 'ಹುಡುಕು' ಅಂತ. ಇದ್ರಲ್ಲಿ ವಿಧವೆ ಎಲ್ಲಿದಾಳೆ? ಕಳೆದುಹೋದ ಕುದುರೆ ಹುಡುಕ್ಕೊಂಡು ಹೋಗೋ ಅಣ್ಣತಮ್ಮಂದಿರ ಕತೆ ಇದು."

ನಗೆ ಭುಗಿಲೆದ್ದಿತು. "ಗಿರಣೀಲೂ ಹೀಗೇ ರೀಲು ಬಿಟ್ಟಿದ್ಯೇನೇ ಸಲೋಮತ್?" ಎಂದು ಒಬ್ಬಳು ತೊಡೆ ತಟ್ಟಿಕೊಂಡಳು. ಮಸ್ತೂರಾ ನಕ್ಕು ನಕ್ಕು ಸುಸ್ತಾಗಿ, "ಹಾಗಾದ್ರೆ ಇಷ್ಟೊತ್ತು ಹೇಳಿದ್ದು ಯಾರ ಕತೆಯೇ?" ಎಂದಳು.

ಕೇಳಿ ಮುಗಿಸುವಷ್ಟರಲ್ಲಿ ಮಸ್ತೂರಾಳಿಗೇ ಉತ್ತರ ಹೊಳೆದಿತ್ತು. ಆ ಓಣಿ, ಆ ಗುಬ್ಬಿಗಳು ಎಲ್ಲರೂ ನೋಡಿದವೇ. ಕೂಟ ಗಪ್ಪಾಯಿತು. ಕೂಸು ಮಾತ್ರ ಏನೋ ಗುನುಗುತ್ತಿತ್ತು.

"ಸಂಸಾ ತಗೋ ಸಲೋಮತ್, ಬಿಸಿ ಇದೆ," ಎಂದು ಯಾರೋ ಅವಳ ತಟ್ಟೆಗೆ ಎರಡು ಹಾಕಿದರು. ಮತ್ತೊಬ್ಬರು ಇನ್ನೊಂದು. ಅವರು ನಕ್ಕಾಗ ಸಲೋಮತ್ ಇಷ್ಟು ನೊಂದಿರಲಿಲ್ಲ. ಹೊರಡುವಾಗ ಮಸ್ತೂರಾ ಬಾಗಿಲವರೆಗೆ ಬಂದು, "ನಾಳೆ ನಿನ್ನ ಮನೆ ಕಡೆ ಬರ್ತೀನಿ ಕಣೇ," ಎಂದಳು. ಶನಿವಾರ ಇಡೀ ದಿನ ಸಲೋಮತ್ ಬಟ್ಟಲು ತೊಳೆದಿಟ್ಟು ಕಾದಳು. ಕೂಸಿಗೆ ಜ್ವರ ಬಂದಿತ್ತಂತೆ. ಬರಲಾಗಲಿಲ್ಲ.

ಭಾನುವಾರ ಮತ್ತೆ ತುರ್ಗುನ್ ಎದುರು ನಿಂತಳು.

"ಒಂದನೇ ಕ್ಲಾಸಿನ ಅಕ್ಷರಮಾಲೆ ಇದೆಯೇನಪ್ಪ?"

"ಯಾರ ಮಗೂಗೆ ಖೋಲಾ?"

"ನೆಂಟರ ಹುಡುಗಿ."

"ಚುರುಕಾಗಿದಾಳಾ?"

"ಚುರುಕೇನೋ ಸರಿ, ಅಹಂಕಾರ ಜಾಸ್ತಿ. ಗೊತ್ತಿಲ್ಲ ಅನ್ನೋಕೆ ಬರಲ್ಲ ಅವಳಿಗೆ."

"ಹೆಸರೇನು?"

ಸಲೋಮತ್ ತಡವರಿಸಿದಳು. "ನನ್ನ ಹೆಸರೇ ಇಟ್ಟಿದಾರೆ."

ತುರ್ಗುನ್ ಅವಳನ್ನು ನೋಡಿದ. ಅಂಚು ಹರಿಯದ ಒಂದನ್ನು ಹುಡುಕಿ ಕೊಟ್ಟ.

ಪರ್ಸಿಮನ್ ಮರಗಳಲ್ಲಿ ಎಲೆಯೆಲ್ಲ ಉದುರಿ ಬರೀ ಹಣ್ಣು ಉಳಿದಿದ್ದ ಒಂದು ಮಧ್ಯಾಹ್ನ, ಅಕ್ಷರಮಾಲೆಯನ್ನು ಪಕ್ಕದಲ್ಲಿ ತೆರೆದಿಟ್ಟು, ಬೆರಳಿಟ್ಟು ಬೆರಳಿಟ್ಟು ಅವಳು ಕಾದಂಬರಿಯ ಮೂರನೆಯ ಪುಟ ಮುಟ್ಟಿದಳು. ಅಣ್ಣತಮ್ಮಂದಿರಿಗೆ ಹೊಳೆಯ ದಡದಲ್ಲಿ ಜಗಳ. ತಮ್ಮ ಸಿಟ್ಟಿಗೆ ತನ್ನ ಬೂಟನ್ನೇ ಅಣ್ಣನತ್ತ ಬೀಸಿದ. ಅದು ನೀರಿಗೆ ಬಿತ್ತು. ಸಲೋಮತ್ ಜೋರಾಗಿ ನಕ್ಕಳು. ಖಾಲಿ ಕೋಣೆಯಲ್ಲಿ ತನ್ನ ನಗು ತನಗೇ ಕೇಳಿ ಥಟ್ಟನೆ ತಲೆಯೆತ್ತಿದಳು. ಹೇಳೋಣವೆಂದರೆ ಯಾರೂ ಇರಲಿಲ್ಲ.

ಮುಂದಿನ ಗಪ್ಪಿಗೆ ಹೋಗುವುದೋ ಬೇಡವೋ ಅವಳಿನ್ನೂ ತೀರ್ಮಾನಿಸಿರಲಿಲ್ಲ. ಅದಕ್ಕೆ ಇನ್ನೂ ದಿನವಿತ್ತು. ಒಂದೇ ಬೂಟಿನಲ್ಲಿ ಆ ಹುಡುಗ ಹೊಳೆ ದಾಟಿದನೋ ಇಲ್ಲವೋ, ಮೊದಲು ಅದನ್ನು ನೋಡಬೇಕಿತ್ತು.